ಆಕ್ಷೇಪ ಶಾಲೆಗಲ್ಲ, ಆ ಆದೇಶಕ್ಕೆ

"ಮಕ್ಕಳು ಓದುವುದು ನಿಮಗೆ ಇಷ್ಟ ಇಲ್ವಾ?"

ಬಡಾವಣೆಯ ಶಾಲೆಯ ವಿಸ್ತರಣೆಗೆ ನಗರಾಡಳಿತ ಅನುಮತಿ ಕೊಟ್ಟಾಗ ಅದನ್ನು ಪ್ರಶ್ನಿಸಿ ನೋಡಿ, ಮೊದಲು ಬರುವ ಮಾತು ಇದೇ. ಇಷ್ಟ ಇಲ್ಲ ಅನ್ನೋರು ಯಾರಿದ್ದಾರೆ? ಹಾಗಾಗಿ ಅರ್ಧ ಜನ ಅಲ್ಲೇ ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಿಲ್ಲ. ಮೇಲ್ಮನವಿ ಹಾಕುವುದು ಶಾಲೆಯ ಮೇಲಲ್ಲ, ಅಧಿಕಾರಿ ಬರೆದ ಆದೇಶದ ಮೇಲೆ. ಶಾಲೆ ತನಗೆ ಬೇಕಾದ್ದನ್ನು ಕೇಳುತ್ತದೆ, ಕೇಳಲಿ. ಅಳೆದು ತೂಗಿ, ಯಾಕೆ ಒಪ್ಪಿದೆವು ಅಂತ ಬರೆಯಬೇಕಾದವರು ನಗರದವರು. ನನ್ನ ತಕರಾರು ಇರುವುದು "ಸುತ್ತಲಿನ ನಿವಾಸಿಗಳಿಗೆ ಗಣನೀಯ ತೊಂದರೆ ಆಗುವುದಿಲ್ಲ" ಅನ್ನುವ ಒಂದೇ ಸಾಲಿನಲ್ಲಿ ಕೆಲಸ ಮುಗಿಸುವ ಆದೇಶಗಳ ಬಗ್ಗೆ. ಆಗುವುದಿಲ್ಲ ಅಂತ ಹೇಗೆ ಗೊತ್ತಾಯಿತು? ಯಾರು ನೋಡಿದರು, ಯಾವತ್ತು?

ಇದು ಮೊಂಡು ವಾದವಲ್ಲ. ಅಮೆರಿಕದ ಟೊಪಾಂಗ ಅನ್ನುವ ಕಡೆ ಮೊಬೈಲ್ ಮನೆಗಳ, ಅಂದರೆ ಸಾಗಿಸಬಹುದಾದ ಮನೆಗಳ, ಬಡಾವಣೆಗೆ ಲಾಸ್ ಏಂಜಲೀಸ್ ಕೌಂಟಿ (ಅಲ್ಲಿನ ಜಿಲ್ಲಾಡಳಿತ) ನಿಯಮ ಸಡಿಲಿಸಿ ಅನುಮತಿ ಕೊಟ್ಟಿತ್ತು. ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಕಡತದಲ್ಲಿರುವ ಪುರಾವೆಯಿಂದ ಈ ತೀರ್ಮಾನಕ್ಕೆ ಹೇಗೆ ಬಂದಿರಿ ಅನ್ನುವುದನ್ನು ಆದೇಶದಲ್ಲೇ ತೋರಿಸಿ. ಶಾಲೆಯ ವಿಷಯವಲ್ಲದಿದ್ದರೂ ಶಾಲೆಯ ಆದೇಶಕ್ಕೂ ಕೇಳಬೇಕಾದ ಪ್ರಶ್ನೆ ಅದೇ.

ಈಗ ಟ್ರಾಫಿಕ್ ವರದಿಗೆ ಬರೋಣ. ಸಾಮಾನ್ಯವಾಗಿ ಆಟ ನಡೆಯುವುದು ಇಲ್ಲೇ. "ದಿನಕ್ಕೆ ಇಷ್ಟು ವಾಹನ ಹೆಚ್ಚಾಗುತ್ತದೆ, ರಸ್ತೆಗೆ ಅದು ಹೊರೆಯಲ್ಲ" ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಶಾಲೆಯ ವಾಹನಗಳು ದಿನವಿಡೀ ಹಂಚಿಕೊಂಡು ಬರುತ್ತವಾ? ಬೆಳಗ್ಗೆ ಗಂಟೆ ಹೊಡೆಯುವ ಮುಂಚಿನ ಇಪ್ಪತ್ತು ನಿಮಿಷ, ಆಮೇಲೆ ಬಿಡುವ ಹೊತ್ತಿನ ಇಪ್ಪತ್ತು ನಿಮಿಷ, ಅಷ್ಟೇ. ಸಾಲಿನಲ್ಲಿ ನಿಂತ ಒಂದು ಕಾರಿಗೆ ಹಿಂದು ಮುಂದಿನ ಅಂತರ ಸೇರಿ ಸುಮಾರು 6 ಮೀಟರ್ ಬೇಕು. ಒಂದೇ ಹೊತ್ತಿಗೆ 50 ಕಾರು ಬಂದರೆ 300 ಮೀಟರ್ ಸಾಲು. ಕಾಂಪೌಂಡಿನ ಒಳಗೆ 60 ಮೀಟರ್ ಜಾಗ ಇದ್ದರೆ ಉಳಿದ 240 ಮೀಟರ್ ನಿಲ್ಲುವುದು ರಸ್ತೆಯಲ್ಲಿ, ಯಾರದೋ ಮನೆ ಗೇಟಿಗೆ ಅಡ್ಡವಾಗಿ. ಆ ಸಾಲಿನ ಹಿಂದೆ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ ದಿನದ ಸರಾಸರಿ ತೋರಿಸಿ ಪ್ರಯೋಜನವಿಲ್ಲ. ಎಣಿಕೆ ಯಾವ ದಿನ ನಡೆಯಿತು ಅಂತಲೂ ಕೇಳಬೇಕು. ಪರೀಕ್ಷೆ ಮುಗಿದು ಅರ್ಧ ಮಕ್ಕಳು ಬಾರದ ವಾರವಾ? ಮಳೆ ಬಂದ ದಿನ ನಡೆದು ಬರುವವರೂ ಕಾರಿನಲ್ಲಿ ಬರುತ್ತಾರೆ, ಅದನ್ನು ಯಾರೂ ಎಣಿಸುವುದಿಲ್ಲ ಬಿಡಿ.

"ಷರತ್ತು ಹಾಕಿದ್ದೇವಲ್ಲ" ಅನ್ನುವುದು ಇನ್ನೊಂದು ಸಮಾಧಾನ. ಎಣಿಸುವವರು ಇಲ್ಲದ ಷರತ್ತು ಬರೀ ಕಾಗದ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ನಗರದ ಒಂದು ಖಾಸಗಿ ಶಾಲೆಗೆ 415 ವಿದ್ಯಾರ್ಥಿನಿಯರ ಮಿತಿ ಇತ್ತು. ಅದನ್ನು ವರ್ಷಗಟ್ಟಲೆ ಮೀರಿದ ಮೇಲೆ, 2013ರಲ್ಲಿ, ನಗರ ದಂಡ ಹಾಕಿತು. ಹಾಗಾಗಿ ಮಿತಿ ಎಷ್ಟು ಅನ್ನುವುದರ ಜೊತೆಗೆ ಲೆಕ್ಕ ಯಾರು ಕೊಡುತ್ತಾರೆ, ಯಾರಿಗೆ, ಮೀರಿದರೆ ಏನು ಅನ್ನುವುದೂ ಆದೇಶದಲ್ಲೇ ಇರಬೇಕು.

ಆಕ್ಷೇಪ ಎತ್ತುವ ನಮ್ಮ ಕಡೆಯವರಿಗೂ ಒಂದು ಮಾತು. ಬಾಯಲ್ಲಿ ಪಾರ್ಕಿಂಗ್, ಮನಸ್ಸಲ್ಲಿ "ಹೊರಗಿನವರು ನಮ್ಮ ಬೀದಿಗೆ ಯಾಕೆ ಬರಬೇಕು" ಅಂತ ಇರುವವರು ಎಲ್ಲಾ ಕಡೆ ಇರುತ್ತಾರೆ. ಆಟದ ಬಯಲಿನ ಗಲಾಟೆಯ ಬಗ್ಗೆ ದೂರು ಬರೆಯುವವರ ಜೊತೆ ನಾನಂತೂ ಸಹಿ ಹಾಕುವುದಿಲ್ಲ. ಇಂಥ ವಾದ ಕಾನೂನಿನ ಮುಂದೆ ನಿಲ್ಲುವುದೂ ಕಷ್ಟ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1950ರಿಂದಲೇ ಲಾಭಕ್ಕಾಗಿ ನಡೆಸದ ಶಿಕ್ಷಣ ಸಂಸ್ಥೆ ಇಲ್ಲಿ ಬೇಡ ಅಂತ ಊರಿನವರು ನಿಯಮ ಮಾಡುವಂತಿಲ್ಲ. ಕಟ್ಟಡದ ಎತ್ತರ, ಬಿಡಬೇಕಾದ ಜಾಗ, ಪಾರ್ಕಿಂಗ್ ಬಗ್ಗೆ ಒಪ್ಪುವಂಥ ನಿಯಮ ಹಾಕಬಹುದು, ಅಷ್ಟೇ. ನನಗೆ ಅದು ಸರಿ ಅನಿಸುತ್ತದೆ.

ಗಡುವನ್ನಂತೂ ಮರೆಯಬೇಡಿ. ಅದು ಎಷ್ಟು ಚಿಕ್ಕದಿರಬಹುದು ನೋಡಿ: ಇಂಥ ಆದೇಶ ಪ್ರಶ್ನಿಸಿ ಕೋರ್ಟಿಗೆ ಹೋಗಲು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಗುವುದು 21 ದಿನ, ಮ್ಯಾಸಚೂಸೆಟ್ಸ್‌ನಲ್ಲಿ 20. ನಮ್ಮ ದೇಶದ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಉತ್ತರ ಕೊಡಲು ಇಲಾಖೆಗೇ 30 ದಿನ ಇದೆ. ಆದೇಶ ಬಂದ ಮೇಲೆ ನಕ್ಷೆ, ವರದಿ ಕೇಳುತ್ತಾ ಕೂತರೆ ಗಡುವು ದಾಟಬಹುದು. ಅಹವಾಲು ಸಭೆಗೆ ಮುಂಚೆಯೇ ಕೇಳಿ. ಆಕ್ಷೇಪಣೆಯನ್ನು ಬಾಯಿಮಾತಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಅಲ್ಲಿ ಎತ್ತದ ವಿಷಯವನ್ನು ಆಮೇಲೆ ಕೋರ್ಟಿನಲ್ಲಿ ಎತ್ತಲು ಎಷ್ಟೋ ಕಡೆ ಬಿಡುವುದಿಲ್ಲ.

ಗೆದ್ದರೆ ಕಟ್ಟಡ ನಿಂತೇ ಹೋಗುತ್ತಾ? ಹಾಗೇನಿಲ್ಲ. ಕಾರಣ ಬರೆದು ಮತ್ತೆ ತೀರ್ಮಾನಿಸಿ ಅಂತ ಕಡತ ವಾಪಸ್ ಹೋಗಬಹುದು. ಆಗ ಗೇಟು ಇನ್ನೊಂದು ರಸ್ತೆಗೆ ತಿರುಗಬಹುದು, ತರಗತಿಗಳ ಸಮಯ ಬೇರೆ ಬೇರೆ ಆಗಬಹುದು. ಕಟ್ಟಡ ತಡವಾಗಿ ಏಳುತ್ತದೆ, ಅಷ್ಟು ದಿನ ಮಕ್ಕಳು ಇಕ್ಕಟ್ಟಿನ ಕೋಣೆಯಲ್ಲೇ ಕೂರಬೇಕು. ನಿಜ, ಅದು ಸಣ್ಣ ವಿಷಯವಲ್ಲ. ಆದರೆ ಆ ಒಂದು ಸಾಲು ಬರೆದು ಸಹಿ ಹಾಕಿದವರನ್ನು ಬಿಟ್ಟು, ಅದನ್ನು ಓದಿ ಪ್ರಶ್ನೆ ಕೇಳಿದವರ ತಲೆಗೆ ಆ ತಡವನ್ನು ಕಟ್ಟುವುದನ್ನು ನಾನು ಒಪ್ಪುವುದಿಲ್ಲ.