ಒಂದು ಗುಲಗಂಜಿ ಚಿನ್ನ, ಒಂದು ಕ್ಯಾನ್ ಹಸಿರು ನೀರು

ಕಳೆದ ಭಾನುವಾರ ನಮ್ಮಕ್ಕನ ಮಗ ಫೋನ್ ಹಿಡ್ಕೊಂಡು ಬಂದ. "ಮಾವ, ಇಲ್ಲಿ ನೋಡು. ಹಳೇ ಕಂಪ್ಯೂಟರ್ ರ‍್ಯಾಮ್‌ನ ಆಸಿಡ್‌ಗೆ ಹಾಕ್ತಾನೆ, ಚಿನ್ನ ತೇಲ್ಕೊಂಡು ಮೇಲೆ ಬರುತ್ತೆ. ಎಸ್‌ಪಿ ರೋಡಲ್ಲಿ ಗುಜರಿ ರ‍್ಯಾಮ್ ಕೆಜಿ ಲೆಕ್ಕದಲ್ಲಿ ಕೊಡ್ತಾರಂತೆ" ಅಂದ. ಅವನ ಮುಖ ನೋಡಿ ನಗು ಬಂತು. ಆರು ವರ್ಷದ ಹಿಂದೆ ನನ್ನ ಮುಖವೂ ಹೀಗೇ ಇತ್ತು.

ಹೌದು, ಈ ಭಾಗ್ಯ ನಾನೂ ಪಡೆದಿದ್ದೇನೆ. ಪೀಣ್ಯದ ಒಂದು ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಯ ಎಚ್ಚಿಂಗ್ ವಿಭಾಗದಲ್ಲಿ, ಅಂದರೆ ಬೋರ್ಡಿನ ಬೇಡದ ತಾಮ್ರ ಕರಗಿಸುವ ಕಡೆ, ಹನ್ನೊಂದು ವರ್ಷ ದುಡಿದವನು ನಾನು. ತಾಮ್ರ ತಿನ್ನುವ ದ್ರಾವಣ ನನಗೆ ಮನೆಯ ಹುಣಸೆನೀರಿನಷ್ಟು ಪರಿಚಯ. ಆ ಜಂಬದಲ್ಲೇ ಡಿಡಿಆರ್3 ಅನ್ನೋ ಬಗೆಯ ಮೂವತ್ತು ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ತಂದು, ಚಿನ್ನದ ಬಣ್ಣದ ಅಂಚು ಮಾತ್ರ ಕತ್ತರಿಸಿ, ಮಹಡಿ ಮೇಲೆ ಪ್ಲಾಸ್ಟಿಕ್ ಡಬ್ಬದಲ್ಲಿ ಅದೇ ದ್ರಾವಣಕ್ಕೆ ಹಾಕಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಈ ದ್ರಾವಣ ಚಿನ್ನವನ್ನು ಮುಟ್ಟೋದೇ ಇಲ್ಲ ಅನ್ನಬಹುದು. ರ‍್ಯಾಮ್ ಅಂಚಿನಲ್ಲಿ ತಾಮ್ರ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಚಿನ್ನದ ಲೇಪ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ತಾಮ್ರ ಕರಗಿ ಕ್ಯುಪ್ರಿಕ್ ಕ್ಲೋರೈಡ್ ಆಗುತ್ತೆ. ಆಮೇಲೆ ಆ ಹಸಿರು ನೀರೇ ಇನ್ನಷ್ಟು ತಾಮ್ರ ತಿನ್ನುತ್ತೆ. ಸುಸ್ತಾದರೆ ಮೀನಿನ ತೊಟ್ಟಿಯ ಪಂಪಿನಿಂದ ಗಾಳಿ ಊದಿದರೂ ಸಾಕು, ಮತ್ತೆ ಚುರುಕಾಗುತ್ತೆ. ಕೆಳಗಿನ ನೆಲ ಕರಗಿದ ಮೇಲೆ ಚಿನ್ನದ ಪದರ ಈರುಳ್ಳಿ ಸಿಪ್ಪೆ ಹಾಗೆ ಬಿಟ್ಟುಕೊಂಡು ತೇಲುತ್ತೆ. ನೋಡೋಕೆ ಚಂದ, ಸುಳ್ಳು ಹೇಳಲ್ಲ. ನಾನು ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಕೂತಿದ್ದೆ.

ಚಿನ್ನವನ್ನೇ ಕರಗಿಸಬೇಕು ಅಂದರೆ ಅಕ್ವಾ ರೀಜಿಯಾ, ಅಂದರೆ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಬೆರಕೆ ಬೇಕು. ಅದರ ಒಂದು ಕಥೆ ನನಗೆ ಬಹಳ ಇಷ್ಟ. 1940ರಲ್ಲಿ ಜರ್ಮನ್ ಸೈನ್ಯ ಕೋಪನ್‌ಹೇಗನ್‌ಗೆ ನುಗ್ಗಿದಾಗ, ನೀಲ್ಸ್ ಬೋರ್ ಸಂಸ್ಥೆಯಲ್ಲಿ ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲೌವ ಮತ್ತು ಜೇಮ್ಸ್ ಫ್ರಾಂಕ್ ಅವರ ನೊಬೆಲ್ ಪದಕಗಳಿದ್ದವು. ಸಿಕ್ಕಿಬಿದ್ದರೆ ಅಪಾಯ ಅಂತ ಹೆವೆಶಿ ಅನ್ನೋ ರಸಾಯನ ವಿಜ್ಞಾನಿ ಎರಡನ್ನೂ ಕರಗಿಸಿ, ಆ ದ್ರಾವಣವನ್ನು ಕಪಾಟಿನ ಮೇಲೆ ಇಟ್ಟುಬಿಟ್ಟರು. ಯುದ್ಧ ಮುಗಿದ ಮೇಲೂ ಅದು ಇಟ್ಟಲ್ಲೇ ಇತ್ತು. ಅದರಿಂದ ಚಿನ್ನ ವಾಪಸ್ ತೆಗೆದು ಹೊಸ ಪದಕ ಮಾಡಿಸಿದರು.

ಈಗ ನನ್ನ ಪದಕದ ಲೆಕ್ಕ. ಒಂದು ಡಿಡಿಆರ್3 ರ‍್ಯಾಮ್‌ಗೆ 240 ಪಿನ್ನು. ಎರಡೂ ಬದಿ ಸೇರಿಸಿದರೆ ಸುಮಾರು ಆರು ಚದರ ಸೆಂಟಿಮೀಟರ್ ಚಿನ್ನ. ಅಬ್ಬಾ ಅನ್ನಬೇಡಿ, ದಪ್ಪ ನೋಡಿ: ಒಳ್ಳೆ ಲೇಪ ಅಂದರೂ ಮುಕ್ಕಾಲು ಮೈಕ್ರಾನ್. ತಲೆಕೂದಲಿನ ನೂರರಲ್ಲೊಂದು ಪಾಲು. ಗುಣಿಸಿದರೆ ಒಂದು ರ‍್ಯಾಮ್‌ಗೆ ಹೆಚ್ಚೆಂದರೆ ಒಂಬತ್ತು ಮಿಲಿಗ್ರಾಂ. ಲೇಪ ತೆಳು ಇದ್ದರೆ ಅದೂ ಇಲ್ಲ. ನನ್ನ ಮೂವತ್ತರಿಂದ ಬಂದದ್ದನ್ನು ಸೋಸಿ, ತೊಳೆದು, ಪರಿಚಯದ ಆಚಾರ್ರ ಹತ್ತಿರ ಒಯ್ದೆ. ಅವರು ಬಿಳಿಗಾರ ಹಾಕಿ ಕರಗಿಸಿ, ಸಾಸಿವೆ ಕಾಳಿನಂಥ ಮಣಿಯನ್ನು ತಕ್ಕಡಿಗಿಟ್ಟರು. ಒಂದು ಗುಲಗಂಜಿ ತೂಕ, ಅಂದರೆ 120 ಮಿಲಿಗ್ರಾಂ ಆಸುಪಾಸು. "ಮೂಗುಬೊಟ್ಟಿನ ತಿರುಪಿಗೆ ಆಗುತ್ತೆ ಸ್ವಾಮಿ, ಬೊಟ್ಟು ಬೇರೆ ಕೊಂಡ್ಕೊಳ್ಳಿ" ಅಂದರು.

ಆಸಿಡ್ ಆವಿ ತನ್ನ ಪಾಲು ಮೊದಲೇ ತಗೊಂಡಿತ್ತು. ಬಟ್ಟೆ ಒಣಹಾಕುವ ತಂತಿ, ಕಿಟಕಿಯ ಗ್ರಿಲ್ಲು, ಮಗನ ಸೈಕಲ್ ಚೈನು, ಎಲ್ಲಕ್ಕೂ ಹದಿನೈದೇ ದಿನದಲ್ಲಿ ತುಕ್ಕು. ಕಬ್ಬಿಣಕ್ಕೆ ಹೀಗಾದರೆ ಉಸಿರಾಡಿದ ನನ್ನ ಎದೆಗೆ ಏನಾಗಿರಬೇಡ ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ.

ಆದರೆ ನನ್ನ ಸಿಟ್ಟು ಇರೋದು ಬೇರೆ ಕಡೆ. ಈ ವಿಡಿಯೋಗಳೆಲ್ಲ ಚಿನ್ನದ ಮಣಿ ಹೊಳೆದ ಕ್ಷಣಕ್ಕೆ ಮುಗಿಯುತ್ತವೆ. ಆ ಹಸಿರು ನೀರು ಎಲ್ಲಿಗೆ ಹೋಯಿತು? ಯಾರೂ ತೋರಿಸಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಸಂಸ್ಕರಣಾ ಘಟಕ ಇತ್ತು, ರಿಜಿಸ್ಟರ್ ಇತ್ತು, ಲೀಟರ್ ಲೆಕ್ಕ ಇತ್ತು. ಮನೆಯಲ್ಲಿ ಎರಡು ಲೀಟರ್ ಹಿಡ್ಕೊಂಡು ನಿಂತವನಿಗೆ ಏನಿದೆ? "ಮೋರಿಗೆ ಚೆಲ್ಲಿ ಸಾರ್" ಅಂದವರೇ ಎಲ್ಲ. ನಮ್ಮ ಕಾಮಾಕ್ಷಿಪಾಳ್ಯದ ಮೋರಿ ಸೇರೋದು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ. ಆ ನೀರಲ್ಲೇ ಅಲ್ಲಿನವರು ಮೇವು ಬೆಳೀತಾರೆ, ಬೇಬಿಕಾರ್ನ್ ಬೆಳೀತಾರೆ. ಕರಗಿದ ತಾಮ್ರ ಅಂದರೆ ಮೀನಿಗೆ ವಿಷ. ಕಬ್ಬಿಣದ ಮೊಳೆ ಹಾಕಿ ತಾಮ್ರವನ್ನು ಕೆಂಪು ಕೆಸರಾಗಿ ಕೆಳಗಿಳಿಸಿದೆ. ಆದರೂ ನಿಕ್ಕಲ್ ನೀರಲ್ಲೇ ಉಳಿಯುತ್ತಲ್ಲ!

"ಒಂದು ಟನ್ ಫೋನಿನಲ್ಲಿ 300 ಗ್ರಾಂ ಚಿನ್ನ, ಕೆಜಿಎಫ್ ಗಣಿಗಿಂತ ನೂರು ಪಟ್ಟು!" ಅನ್ನೋ ಮಾತು ಎಲ್ಲ ರೀಲ್‌ನಲ್ಲೂ ಇದೆ. ಹಳೇ ಫೋನುಗಳ ಮಟ್ಟಿಗೆ ಹೆಚ್ಚುಕಮ್ಮಿ ಸರಿಯೇ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕುವ ಹೊತ್ತಿಗೆ ಕೆಜಿಎಫ್ ಅದಿರು ಟನ್ನಿಗೆ ಮೂರು ಗ್ರಾಂ ಆಸುಪಾಸಿಗೆ ಇಳಿದಿತ್ತು. ಆದರೆ ಒಂದು ಟನ್ ಫೋನ್ ಅಂದರೆ ಆರು ಸಾವಿರಕ್ಕೂ ಹೆಚ್ಚು ಫೋನು ಸ್ವಾಮಿ, ಮನೆಮನೆ ಸುತ್ತೋರು ಯಾರು? ಟೋಕಿಯೋ ಒಲಿಂಪಿಕ್ಸ್ ಪದಕಗಳಿಗಾಗಿ ಇಡೀ ಜಪಾನು 2017ರಿಂದ 2019ರವರೆಗೆ ಫೋನಿನಿಂದ ಹಿಡಿದು ಬಗೆಬಗೆಯ 78,985 ಟನ್ ಹಳೇ ಎಲೆಕ್ಟ್ರಾನಿಕ್ಸ್ ಕೂಡಿಹಾಕಿತು. ಬಂದ ಚಿನ್ನ ಸುಮಾರು 32 ಕೆಜಿ. ಭಾಗಿಸಿ ನೋಡಿ, ಟನ್ನಿಗೆ ಅರ್ಧ ಗ್ರಾಮೂ ಇಲ್ಲ. ಇನ್ನು ಕೆಜಿಎಫ್‌ನಲ್ಲಿ ಚಿನ್ನ ಎಲ್ಲೆಲ್ಲಿಗೋ ಹೋಯಿತು, ಚಿನ್ನ ತೆಗೆದು ಉಳಿದ ಅದಿರು ಪುಡಿಯ ಸೈನೈಡ್ ದಿಬ್ಬಗಳು ಮಾತ್ರ ಅಲ್ಲೇ ಇವೆ. ಗಾಳಿ ಬೀಸಿದರೆ ಧೂಳು ಇವತ್ತಿಗೂ ಊರಿನ ಮೇಲೆಯೇ.

ಇದನ್ನೇ ಹೊಟ್ಟೆಪಾಡಿಗೆ ಮಾಡೋರ ಮೇಲೆ ನನಗೆ ಕೋಪ ಇಲ್ಲ. ಅಕ್ಕಸಾಲಿಗರ ಬೀದಿಯ ಧೂಳು ಗುಡಿಸಿ, ತೊಳೆದು ಚಿನ್ನ ತೆಗೆಯುವ ಜಲಗಾರರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ದಿಲ್ಲಿಯ ಸೀಲಂಪುರದಲ್ಲಿ ಕೈಗವಸಿಲ್ಲದೆ ಬೋರ್ಡ್ ಬಿಚ್ಚುವ ಹುಡುಗರಿಗೆ ಬೇರೆ ದಾರಿ ಇಲ್ಲ. ಅವರ ಕಸುಬನ್ನು ವಾರಾಂತ್ಯದ ಹವ್ಯಾಸ ಮಾಡಿಕೊಂಡು, ವ್ಯೂಸ್ ಎಣಿಸಿ, ಉಳಿದದ್ದನ್ನು ಮೋರಿಗೆ ಸುರಿಯುವ ಓದಿದವರ ಮೇಲೆ ಕೋಪ. ಈ ಓದಿದವರ ಆದಾಯ ಆ ವಿಡಿಯೋದಿಂದ, ಚಿನ್ನದಿಂದ ಅಲ್ಲ.

ಇಷ್ಟನ್ನೂ ಅಳಿಯನಿಗೆ ಹೇಳಿದೆ. ಅರ್ಧಕ್ಕೇ ಅವನು ಫೋನ್ ನೋಡೋಕೆ ಶುರು ಮಾಡಿದ್ದ. ಕೊನೆಗೆ, "ಸರಿ ಮಾವ, ನಿನ್ನ ಆ ನೀರು ಏನು ಮಾಡಿದೆ?" ಅಂದ. ಮೆಟ್ಟಿಲ ಕೆಳಗೆ ಕರ್ಕೊಂಡು ಹೋದೆ. ಹಳೇ ಪೇಂಟ್ ಡಬ್ಬ, ಅದರ ಹಿಂದೆ ಬಿಳೀ ಕ್ಯಾನು. ಮೇಲೆ ನನ್ನದೇ ಕೈಬರಹದಲ್ಲಿ "ಮುಟ್ಟಬೇಡಿ".

"ಆರು ವರ್ಷದಿಂದ ಇಲ್ಲೇ ಇದೆಯಾ?"

"ಹೂಂ ಕಣೋ."