ಬಡಗಣ ಬಾಗಿಲಿಗೆ ಬೀಗ ಹಾಕಿ ಕಂಟ್ರೋಲರ್ ಕೊಂಡರೆ ಏನು ಬಂತು?

ಎಂಟು ವರ್ಷಗಳ ಹಿಂದಿನ ಒಂದು ಶನಿವಾರ ರಾತ್ರಿ. ಆಗ ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಎಲ್ಲ ಶಾಖೆಗಳ ಸ್ವಿಚ್‌ಗಳಿಗೂ (ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆಗಳು) ಹೊಸದೊಂದು ವಿಲ್ಯಾನ್, ಅಂದರೆ ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲ, ಸೇರಿಸಬೇಕಿತ್ತು. ಒಟ್ಟು 180 ಸ್ವಿಚ್. ನಾವಿಬ್ಬರು, ಎರಡು ಲ್ಯಾಪ್‌ಟಾಪ್, ಒಂದು ಎಕ್ಸೆಲ್ ಹಾಳೆ. ಒಂದೊಂದಕ್ಕೂ ಲಾಗಿನ್ ಆಗುವುದು, ಕಮಾಂಡ್ ಅಂಟಿಸುವುದು, ಸೇವ್ ಮಾಡುವುದು, ಹಾಳೆಯ ಸಾಲಿಗೆ ಹಸಿರು ಬಣ್ಣ ತುಂಬುವುದು. ಎರಡೂವರೆ ಗಂಟೆಯ ಹೊತ್ತಿಗೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಒಂದು ಟ್ರಂಕ್ ಪೋರ್ಟಿನ ಕಮಾಂಡಿನಲ್ಲಿ ‘ಆಡ್’ ಎಂಬ ಪುಟ್ಟ ಪದ ನನ್ನ ಕೈಯಿಂದ ಬಿಟ್ಟುಹೋಯಿತು. ಆ ಪದವಿದ್ದರೆ ಹಳೆಯ ಪಟ್ಟಿಗೆ ಹೊಸ ವಿಲ್ಯಾನ್ ಸೇರುತ್ತದೆ. ಇಲ್ಲದಿದ್ದರೆ ಹಳೆಯ ಪಟ್ಟಿಯೇ ಅಳಿಸಿಹೋಗಿ ಹೊಸದೊಂದು ಮಾತ್ರ ಉಳಿಯುತ್ತದೆ. ಆ ಸ್ವಿಚ್ಚನ್ನು ತಲುಪಲು ನಾವು ಬಳಸುತ್ತಿದ್ದ ವಿಲ್ಯಾನ್ ಕೂಡ ಆ ಹಳೆಯ ಪಟ್ಟಿಯಲ್ಲೇ ಇತ್ತು. ತೆರೆಯ ಮೇಲೆ ಕರ್ಸರ್ ನಿಂತಿತು. ಶಾಖೆಯೂ ನಿಂತಿತು. ಬೆಳಗಾಗುವುದಕ್ಕೆ ಮೊದಲೇ ಸ್ವಿಚ್‌ಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಒಬ್ಬರು ಕಾರು ಹತ್ತಬೇಕಾಯಿತು.

ಇಡೀ ಜಾಲವನ್ನು ಒಂದೇ ಕಡೆಯಿಂದ ನಡೆಸುವ ಕಂಟ್ರೋಲರ್ ತಂತ್ರಾಂಶ ಕೊಂಡ ಮೇಲೂ ನಾರ್ತ್‌ಬೌಂಡ್ ಎಪಿಐ, ಅಂದರೆ ನಮ್ಮ ಪ್ರೋಗ್ರಾಂಗಳು ಅದರೊಂದಿಗೆ ಮಾತಾಡುವ ಬಾಗಿಲು, ಏಕೆ ಕಲಿಯಬೇಕು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ರಾತ್ರಿ ಕಣ್ಣ ಮುಂದೆ ಬರುತ್ತದೆ. ಈಚೆಗೆ ಈ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿರುವುದರಿಂದ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಕಾಗದದ ಮೇಲೆ ಚಿತ್ರ ಸರಳ. ನಡುವೆ ಕಂಟ್ರೋಲರ್. ಅದರ ಕೆಳಗೆ ಸ್ವಿಚ್, ರೂಟರ್, ವೈಫೈ ಉಪಕರಣಗಳು. ಮೇಲೆ ನಮ್ಮ ಪ್ರೋಗ್ರಾಂಗಳು, ದೂರು ದಾಖಲಿಸುವ ವ್ಯವಸ್ಥೆ, ಆಸ್ತಿಪಟ್ಟಿ, ನಿಗಾ ಫಲಕ. ನಕ್ಷೆಯಲ್ಲಿ ಮೇಲ್ಭಾಗ ಉತ್ತರ, ಕೆಳಭಾಗ ದಕ್ಷಿಣ. ಆದ್ದರಿಂದ ಕೆಳಗಿನ ಉಪಕರಣಗಳೊಂದಿಗೆ ಕಂಟ್ರೋಲರ್ ಆಡುವ ಮಾತು ಸೌತ್‌ಬೌಂಡ್: ನೆಟ್‌ಕಾನ್ಫ್, ಓಪನ್‌ಫ್ಲೋ ಎಂಬ ಸಂವಹನ ನಿಯಮಗಳು, ಎಷ್ಟೋ ಕಡೆ ಇಂದಿಗೂ ದೂರದಿಂದ ಲಾಗಿನ್ ಆಗುವ ಹಳೆಯ ಎಸ್‌ಎಸ್‌ಎಚ್. ಮೇಲಿನವರು ಅದರೊಂದಿಗೆ ಆಡುವ ಮಾತು ನಾರ್ತ್‌ಬೌಂಡ್, ಹೆಚ್ಚಿನ ಕಡೆ ವೆಬ್ ಪುಟಗಳು ಬಳಸುವ ಎಚ್‌ಟಿಟಿಪಿ ಮೇಲೆ ಸಾಗುವ ರೆಸ್ಟ್ (ಕೋರಿಕೆಯ ಶೈಲಿ) ಮತ್ತು ಜೇಸನ್ (ದತ್ತಾಂಶ ಬರೆಯುವ ರೂಪ). ಕನ್ನಡದಲ್ಲಿ ‘ಉತ್ತರ’ಕ್ಕೆ ದಿಕ್ಕು ಎಂಬ ಅರ್ಥವೂ ಇದೆ, ಜವಾಬು ಎಂಬ ಅರ್ಥವೂ ಇದೆ. ಹೊಸಬರಿಗೆ ಹೇಳಿಕೊಡುವಾಗ ನಾನು ಇದನ್ನೇ ಹಿಡಿದುಕೊಳ್ಳುತ್ತೇನೆ: ನಾವು ಕೇಳುವ ಪ್ರಶ್ನೆಗೆ ಇಡೀ ಜಾಲದ ಪರವಾಗಿ ಒಂದೇ ಬಾಯಿಂದ ಉತ್ತರ ಬರುವ ಜಾಗ ಇದು.

ಇಲ್ಲಿ ಬದಲಾಗುವುದು ಮಾತಿನ ಭಾಷೆಯಷ್ಟೇ ಅಲ್ಲ, ಮಾತಿನ ವಿಷಯವೇ ಬದಲಾಗುತ್ತದೆ. ಸ್ವಿಚ್‌ಗೆ ಲಾಗಿನ್ ಆದಾಗ ನಾವು ‘ಹೇಗೆ ಮಾಡಬೇಕು’ ಎಂದು ಹೇಳುತ್ತೇವೆ: ಈ ಪೋರ್ಟ್, ಈ ಸಾಲು, ಈ ಕ್ರಮ. ಕಂಟ್ರೋಲರ್‌ಗೆ ‘ಏನು ಆಗಬೇಕು’ ಎಂದಷ್ಟೇ ಹೇಳಬಹುದು. 2014ರ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಓನೋಸ್ ಎಂಬ ಕಂಟ್ರೋಲರ್ ಇದನ್ನು ‘ಇಂಟೆಂಟ್’ (ಉದ್ದೇಶ) ಎಂದು ಕರೆಯಿತು. ಈ ಎರಡು ಕಂಪ್ಯೂಟರ್‌ಗಳ ನಡುವೆ ಸಂಪರ್ಕ ಬೇಕು ಎಂದರೆ ಸಾಕು, ಯಾವ ಸ್ವಿಚ್‌ಗಳ ಮೂಲಕ ಹಾಯಬೇಕು ಎಂಬುದನ್ನು ಕಂಟ್ರೋಲರ್ ಲೆಕ್ಕ ಹಾಕುತ್ತದೆ. ನಡುವೆ ಒಂದು ಕೊಂಡಿ ತುಂಡಾದರೆ ನಮ್ಮನ್ನು ಎಬ್ಬಿಸದೆಯೇ ಬೇರೆ ದಾರಿ ಹುಡುಕುತ್ತದೆ. ನಮ್ಮ ಕೋರಿಕೆ ಬದಲಾಗಿಲ್ಲವಲ್ಲ, ದಾರಿ ಬದಲಾದರೇನಂತೆ?

ಈ ಹಂಬಲ ಇಂದಿನದಲ್ಲ. 2002ರಲ್ಲಿ ಅಂತರಜಾಲದ ವಿನ್ಯಾಸ ಮಂಡಳಿ ಜಾಲ ನಡೆಸುವವರನ್ನೂ ಶಿಷ್ಟತೆ ರೂಪಿಸುವವರನ್ನೂ ಒಟ್ಟಿಗೆ ಕೂರಿಸಿ ಕಾರ್ಯಾಗಾರ ನಡೆಸಿತು. ಅದರ ವರದಿ ಮರುವರ್ಷ ಅಂತರಜಾಲದ ಶಿಷ್ಟತೆ, ವರದಿಗಳ ಸರಣಿಯಲ್ಲಿ ಆರ್‌ಎಫ್‌ಸಿ 3535 ಆಗಿ ಬಂತು. ಬಿಡಿಬಿಡಿ ಉಪಕರಣಗಳನ್ನಲ್ಲ, ಇಡೀ ಜಾಲವನ್ನು ಒಂದಾಗಿ ಸಂರಚಿಸಲು ನಮಗೆ ಅನುಕೂಲ ಬೇಕು ಎಂಬ ಬೇಡಿಕೆ ಆ ವರದಿಯಲ್ಲಿ ಸ್ಪಷ್ಟವಾಗಿದೆ. ಓದಿದಾಗಲೆಲ್ಲ ನನ್ನ ಆ ಶನಿವಾರ ರಾತ್ರಿಯ ಅಳಲನ್ನು ಹದಿನೈದು ವರ್ಷ ಮೊದಲೇ ಯಾರೋ ಬರೆದಿಟ್ಟಂತೆ ಅನಿಸುತ್ತದೆ. ಆಮೇಲೆ 2006ರಲ್ಲಿ ನೆಟ್‌ಕಾನ್ಫ್, 2008ರಲ್ಲಿ ಸ್ಟ್ಯಾನ್‌ಫರ್ಡ್ ಗುಂಪಿನ ಓಪನ್‌ಫ್ಲೋ ಪ್ರಬಂಧ, 2010ರಲ್ಲಿ ಸಂರಚನೆಯ ದತ್ತಾಂಶವನ್ನು ವಿವರಿಸುವ ಯಾಂಗ್ ಎಂಬ ಮಾದರಿ ಭಾಷೆ, 2011ರಲ್ಲಿ ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್ ಎಂಬ ಸಂಸ್ಥೆ.

ಗಮನಿಸಿ, ಇವುಗಳ ಮೊದಲ ದುಡಿಮೆಯೆಲ್ಲ ದಕ್ಷಿಣ ದಿಕ್ಕಿನದು, ಉಪಕರಣದ ಕಡೆಯದು. ಉತ್ತರಕ್ಕೆಂದು ಅದೇ ಫೌಂಡೇಶನ್ 2013ರಲ್ಲಿ ಪ್ರತ್ಯೇಕ ಕಾರ್ಯತಂಡ ಕಟ್ಟಿತು. ಆದರೂ ಎಲ್ಲರೂ ಒಪ್ಪಿ ಬಳಸುವ ಒಂದೇ ನಾರ್ತ್‌ಬೌಂಡ್ ಶಿಷ್ಟತೆ ಇಂದಿಗೂ ನಮ್ಮ ಕೈಯಲ್ಲಿಲ್ಲ. 2017ರ ರೆಸ್ಟ್‌ಕಾನ್ಫ್ ಮಾತಾಡುವ ರೀತಿಯನ್ನು ಶಿಷ್ಟಗೊಳಿಸಿತು, ಓಪನ್‌ಡೇಲೈಟ್‌ನಂತಹ ಕಂಟ್ರೋಲರ್‌ಗಳು ಅದನ್ನು ಕೊಡುತ್ತವೆ. ಆದರೆ ಏನನ್ನು ಮಾತಾಡಬೇಕು, ಒಂದು ‘ಸೈಟ್’ ಎಂದರೇನು, ‘ನೀತಿ’ ಎಂದರೇನು ಎಂಬುದು ಪ್ರತಿ ತಯಾರಕರ ಸ್ವಂತ ಲೆಕ್ಕ. ಒಂದು ಕಂಟ್ರೋಲರ್‌ಗೆ ಬರೆದ ಪ್ರೋಗ್ರಾಂ ಇನ್ನೊಂದರ ಮುಂದೆ ಮೂಕವಾಗುತ್ತದೆ. ನನ್ನ ಅಸಮಾಧಾನದ ಮೂಲ ಇದೇ. ಸ್ವಿಚ್‌ಗಳ ಮೇಲಿದ್ದ ಹಿಡಿತ ಸಡಿಲಿಸಿದ ಉದ್ಯಮ ಅದೇ ಹಿಡಿತವನ್ನು ಒಂದು ಮೆಟ್ಟಿಲು ಮೇಲೆ ಬಿಗಿ ಮಾಡಿಕೊಂಡಿದೆ. ನಮ್ಮ ಪ್ರೋಗ್ರಾಂಗಳನ್ನು ನೇರವಾಗಿ ಕಂಟ್ರೋಲರ್‌ಗೆ ಕಟ್ಟದೆ, ನಡುವೆ ನಮ್ಮದೇ ಒಂದು ತೆಳುವಾದ ಪದರ ಇಟ್ಟುಕೊಳ್ಳಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ನಾಳೆ ಕಂಟ್ರೋಲರ್ ಬದಲಾದರೆ ಆ ಪದರವೊಂದನ್ನೇ ತಿದ್ದಬಹುದು.

ಇನ್ನು ನಮ್ಮವರ ಕಡೆಯ ಮಾತು. 2020ರ ಫೆಬ್ರವರಿಯಲ್ಲಿ ಬಂದ ಸಿಸ್ಕೊ ಕಂಪನಿಯ ಹೊಸ ಸಿಸಿಎನ್‌ಎ ಎಂಬ ಜಾಲ ತಂತ್ರಜ್ಞರ ಅರ್ಹತಾ ಪರೀಕ್ಷೆ ಯಾಂತ್ರೀಕರಣಕ್ಕೆ ಶೇ. 10ರಷ್ಟು ಪಾಲು ಕೊಟ್ಟಿತು, ನಾರ್ತ್‌ಬೌಂಡ್ ಮತ್ತು ಸೌತ್‌ಬೌಂಡ್ ಎಪಿಐಗಳು ಪಠ್ಯಕ್ರಮದಲ್ಲೇ ಬಂದವು. ಸಂದರ್ಶನಕ್ಕೆ ಬರುವ ಹುಡುಗರು, ಹುಡುಗಿಯರು ‘ಮೇಲೆ ರೆಸ್ಟ್, ಕೆಳಗೆ ನೆಟ್‌ಕಾನ್ಫ್’ ಎಂದು ಮಗ್ಗಿಯಂತೆ ಒಪ್ಪಿಸುತ್ತಾರೆ. ಎಪಿಐ ಪ್ರವೇಶಕ್ಕೆ ಬೇಕಾದ ಒಂದು ಟೋಕನ್ ಪಡೆದು ಉಪಕರಣಗಳ ಪಟ್ಟಿ ತರಿಸಿ ತೋರಿಸಿ ಎಂದರೆ ಸುಮ್ಮನಾಗುತ್ತಾರೆ. ತಪ್ಪು ಅವರದ್ದಲ್ಲ, ಯಾರೂ ಅವರ ಕೈಗೆ ಕೀಲಿಮಣೆ ಕೊಟ್ಟು ಮಾಡಿಸಿಲ್ಲ. ದೊಡ್ಡ ದೊಡ್ಡ ಕಚೇರಿಗಳಲ್ಲೂ ಇದೇ ಕಥೆ. ಕೋಟಿಗಟ್ಟಲೆ ಕೊಟ್ಟು ಕಂಟ್ರೋಲರ್ ತರುತ್ತಾರೆ, ಆಮೇಲೆ ಅದರ ವೆಬ್ ಪುಟ ತೆರೆದು ಮೌಸ್‌ನಿಂದ ಒಂದೊಂದೇ ಗುಂಡಿ ಒತ್ತುತ್ತಾರೆ. ಅಂದು ಕಮಾಂಡ್ ಅಂಟಿಸುತ್ತಿದ್ದೆವು, ಇಂದು ಕ್ಲಿಕ್ ಮಾಡುತ್ತಿದ್ದೇವೆ. ಎಕ್ಸೆಲ್ ಹಾಳೆಗೆ ಹಸಿರು ಬಣ್ಣ ಹಚ್ಚುವುದು ಮಾತ್ರ ತಪ್ಪಿಲ್ಲ.

‘ಎಪಿಐ ಕೆಲಸ ಸಾಫ್ಟ್‌ವೇರ್ ತಂಡದ್ದು’ ಎನ್ನುವವರಿಗೆ ಕಳೆದ ವರ್ಷ ನಡೆದದ್ದನ್ನು ಹೇಳುತ್ತೇನೆ. ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಎಲ್ಲ ಸ್ವಿಚ್‌ಗಳ ಸಮಯ ಸರ್ವರ್ ಬದಲಿಸುವ ಸ್ಕ್ರಿಪ್ಟ್ ಬರೆದಿದ್ದರು. ನಲವತ್ತು ಸಾಲಿನ ಚೊಕ್ಕ ಪೈಥಾನ್. ಓಡಿಸಿದರು, ಪ್ರತಿ ಕೋರಿಕೆಗೂ ಕಂಟ್ರೋಲರ್ 202 ಎಂದಿತು. "ಸರ್, ಎಲ್ಲ ಆಯಿತು" ಎಂದರು. "ಯಾವ ಆಯಿತು?" ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮನೆಗೆ ಬಂದ ಬಡಗಿ ಮುಂಗಡ ಕೈಗೆ ತೆಗೆದುಕೊಳ್ಳುವಾಗಲೂ ‘ಆಯಿತು’ ಎನ್ನುತ್ತಾನೆ, ಬಾಗಿಲು ಕೂರಿಸಿ ಉಳಿ ಒರೆಸಿಕೊಳ್ಳುವಾಗಲೂ ‘ಆಯಿತು’ ಎನ್ನುತ್ತಾನೆ. 202 ಮೊದಲನೆಯ ಆಯಿತು. ಕೋರಿಕೆ ಸ್ವೀಕರಿಸಿದ್ದೇನೆ, ಕೆಲಸ ಇನ್ನು ನಡೆಯಬೇಕು ಎಂದು ಅದರ ಅರ್ಥ. ಜೊತೆಗೆ ಒಂದು ಟಾಸ್ಕ್ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಹಿಡಿದು ಮತ್ತೆ ಹೋಗಿ ಕೇಳಿದರೆ ಮಾತ್ರ ಎರಡನೆಯ ಆಯಿತು ಸಿಗುತ್ತದೆ. ಇಬ್ಬರೂ ಕೂತು ಒಂದೊಂದೇ ಸಂಖ್ಯೆಯನ್ನು ಕೇಳಿದೆವು. ಹನ್ನೊಂದು ಸ್ವಿಚ್‌ಗಳಲ್ಲಿ ಬದಲಾವಣೆ ಆಗಿರಲೇ ಇಲ್ಲ. ಅವುಗಳ ಪಾಸ್‌ವರ್ಡ್ ಕಂಟ್ರೋಲರ್‌ಗೆ ತಿಳಿದದ್ದಕ್ಕಿಂತ ಬೇರೆಯಾಗಿತ್ತು.

ಹನ್ನೊಂದು ಸ್ವಿಚ್‌ಗಳ ಗಡಿಯಾರ ತಪ್ಪಿದರೆ ಲಾಗ್‌ಗಳ ಸಮಯ ತಾಳೆಯಾಗುವುದಿಲ್ಲ, ಮುಂದೊಂದು ದಿನ ಜಾಲದ ಅವಘಡದ ತನಿಖೆ ದಾರಿ ತಪ್ಪುತ್ತದೆ. ಇದು ಜಾಲದಲ್ಲಿ ಕೈಯಾಡಿಸಿದವರಿಗೆ ತಿಳಿದಿರುತ್ತದೆ. ಆದ್ದರಿಂದಲೇ ಆ ಬಾಗಿಲ ಬಳಿ ನಿಲ್ಲಬೇಕಾದವರು ನಾವು, ಜಾಲದವರು. ಪೈಥಾನ್ ಮೂರು ತಿಂಗಳಲ್ಲಿ ಬರುತ್ತದೆ. ಜಾಲದ ಅನುಭವ ಅಷ್ಟು ಬೇಗ ಬರುವುದಿಲ್ಲ.

ಭಯ ಪಡುವವರನ್ನು ನಾನು ಹಳಿಯುವುದಿಲ್ಲ. ಒಂದೇ ಬಾಯಿಂದ ಇಡೀ ಜಾಲಕ್ಕೆ ಮಾತು ಹೋಗುತ್ತದೆಂದರೆ ಒಂದೇ ತಪ್ಪು ಇಡೀ ಜಾಲಕ್ಕೂ ಹೋಗುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಲೋಕಕ್ಕೆ ಕಾಣದಂತಾದದ್ದು ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡಿನಿಂದ. ಅಂಥದ್ದನ್ನು ತಡೆಯಬೇಕಿದ್ದ ಪರಿಶೀಲನಾ ತಂತ್ರಾಂಶದಲ್ಲೇ ದೋಷವಿತ್ತು. ಆದ್ದರಿಂದ ಓದಲು ಮಾತ್ರ ಅನುಮತಿಯಿರುವ ಖಾತೆಯಿಂದ ಆರಂಭಿಸಿ. ಮೊದಲ ಆರು ತಿಂಗಳು ಬರೀ ಪ್ರಶ್ನೆ ಕೇಳಿ: ಯಾವ ಸ್ವಿಚ್‌ನಲ್ಲಿ ಯಾವ ಆವೃತ್ತಿ, ಯಾವುದು ತಲುಪುತ್ತಿಲ್ಲ, ಆಸ್ತಿಪಟ್ಟಿಯಲ್ಲಿ ಇದ್ದದ್ದು ಜಾಲದಲ್ಲಿ ಇದೆಯೇ. ನಮ್ಮಲ್ಲಿ ಇಷ್ಟರಿಂದಲೇ ಪಟ್ಟಿಯಲ್ಲಿ ಜೀವಂತವಿದ್ದು ನಿಜದಲ್ಲಿ ಎಂದೋ ಗುಜರಿಗೆ ಹೋಗಿದ್ದ ಸ್ವಿಚ್‌ಗಳು ಸಿಕ್ಕವು. ಬರೆಯುವ ಅನುಮತಿ ಆಮೇಲೆ, ಅದೂ ಮೊದಲು ಒಂದು ಶಾಖೆಗೆ.

ಕಳೆದ ತಿಂಗಳು ಹೊಸ ಕಂಟ್ರೋಲರ್ ಒಂದರ ಪ್ರದರ್ಶನ ನೋಡಲು ಕೂತಿದ್ದೆವು. ಬಣ್ಣಬಣ್ಣದ ಫಲಕಗಳು, ತಿರುಗುವ ನಕ್ಷೆಗಳು. ಅರ್ಧ ಗಂಟೆಯಾದ ಮೇಲೆ ಆ ಕಿರಿಯ ಸಹೋದ್ಯೋಗಿಯೇ ಕೈ ಎತ್ತಿ, ದಯವಿಟ್ಟು ವೆಬ್ ಪುಟ ಮುಚ್ಚಿ, ಈಗ ತೋರಿಸಿದ ಕೆಲಸವನ್ನೇ ಎಪಿಐನಿಂದ ಮಾಡಿ ತೋರಿಸುತ್ತೀರಾ ಎಂದು ಕೇಳಿದರು. ಬಂದವರು ಸ್ವಲ್ಪ ತಡವರಿಸಿ, ಆಮೇಲೆ ಮಾಡಿ ತೋರಿಸಿದರು. ಎರಡು ಕೆಲಸಗಳಿಗೆ ಎಪಿಐ ಇರಲಿಲ್ಲ, ಮುಂದಿನ ಆವೃತ್ತಿಯಲ್ಲಿ ಬರುತ್ತದೆ ಎಂದರು. ನಮ್ಮ ಸಹೋದ್ಯೋಗಿ ಆ ಎರಡನ್ನೂ ಬರೆದುಕೊಂಡು ಇನ್ನೊಂದು ಪ್ರಶ್ನೆ ಕೇಳಿದರು: "ನಿಮ್ಮ ಕಂಟ್ರೋಲರ್ 202 ಎಂದ ಮೇಲೆ ಕೆಲಸ ಮುಗಿದದ್ದು ನನಗೆ ಹೇಗೆ ತಿಳಿಯುತ್ತದೆ?"