ನಮ್ಮ ಮನೆಯ ಇನ್ನೊಬ್ಬ ಅಜ್ಜಿ

ಅಜ್ಜಿ ಹೋಗಿ ಇವತ್ತಿಗೆ ಮೂರು ತಿಂಗಳು. ಅಜ್ಜಿ ಅಂದರೆ ನಮ್ಮ ನಾಯಿ.

"ಮುದಿ ನಾಯೀನ ಸಾಕಿದ್ರಲ್ಲ, ಪುಣ್ಯ ಬರುತ್ತೆ ನಿಮಗೆ" ಅಂತ ಎಷ್ಟೋ ಜನ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೂ ಪ್ರತಿ ಸಲ ಒಂಥರಾ ಕಸಿವಿಸಿ. ನಿಜ ಹೇಳಬೇಕೆಂದರೆ ನಾವು ಅವಳನ್ನು ತಂದದ್ದು ಪುಣ್ಯಕ್ಕಲ್ಲ, ನಮ್ಮ ಅನುಕೂಲಕ್ಕೆ.

ಶೆಲ್ಟರ್‌ಗೆ ಹೋದದ್ದು ಮರಿ ತರೋಣ ಅಂತಲೇ. ಅಲ್ಲಿ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವರು ಮೊದಲು ಕೇಳಿದ್ದು, ಹಗಲು ಮನೆಯಲ್ಲಿ ಯಾರಿರುತ್ತಾರೆ ಅಂತ. ಅಮ್ಮ ಒಬ್ಬರೇ, ಅವರಿಗೂ ಮಂಡಿನೋವು. "ಮರಿ ಅಂದ್ರೆ ಎರಡೆರಡು ಗಂಟೆಗೆ ಹೊರಗೆ ಕರ್ಕೊಂಡು ಹೋಗಬೇಕು, ಸಿಕ್ಕಿದ್ದೆಲ್ಲ ಕಚ್ಚುತ್ತೆ. ನಿಮ್ಮ ತಾಯಿಗೆ ಆಗುತ್ತಾ?" ಅಂದವರು ಮೂಲೆಯ ಗೂಡಿನ ಕಡೆ ಕೈ ತೋರಿಸಿದರು. ಮೂತಿ ಪೂರ್ತಿ ಬೆಳ್ಳಗಾದ ಕಂದು ನಾಯಿ. ಎದ್ದು ಬರಲೂ ಇಲ್ಲ. ಬಾಲದ ತುದಿಯನ್ನು ಮಾತ್ರ ಎರಡು ಸಲ ನೆಲಕ್ಕೆ ಬಡಿಯಿತು.

ಡಾಕ್ಟರು ಹಲ್ಲು ನೋಡಿ, ಹತ್ತು ವರ್ಷ ದಾಟಿರಬಹುದು ಅಂದರು. ಮರಿಯಾದರೆ ಯಾವ ಹಲ್ಲು ಬಂದಿದೆ ಅಂತ ನೋಡಿ ವಯಸ್ಸು ಹೇಳಬಹುದಂತೆ. 42 ಹಲ್ಲೂ ಬಂದ ಮೇಲೆ ಸವೆತ, ಪಾಚಿ ನೋಡಿ ಅಂದಾಜು ಅಷ್ಟೇ. ಕಣ್ಣಲ್ಲಿದ್ದ ನೀಲಿ ಮಬ್ಬನ್ನು ನಾನು ಪೊರೆ ಅಂದುಕೊಂಡಿದ್ದೆ. ಅದು ವಯಸ್ಸಿಗೆ ಲೆನ್ಸ್ ಗಟ್ಟಿಯಾಗಿ ಬರುವಂಥದ್ದು, ಚೆನ್ನಾಗೇ ಕಾಣುತ್ತೆ ಅಂದರು.

ಹೆಸರಿನದು ದೊಡ್ಡ ಫಜೀತಿ. ಹಳೆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹತ್ತಾರು ಹೆಸರು ಕೂಗಿ ನೋಡಿದೆವು, ಒಂದಕ್ಕೂ ತಿರುಗಲಿಲ್ಲ. ಜಂಬ ಅಂದುಕೊಂಡೆವು. ಎರಡು ವಾರದ ಮೇಲೆ ಒಂದು ದಿನ ಅವಳ ಬೆನ್ನ ಹಿಂದೆಯೇ ಪಾತ್ರೆ ಬಿದ್ದು ಮನೆಯೆಲ್ಲ ಗಲಾಟೆಯಾದರೂ ಅವಳು ಕಿವಿ ಅಲ್ಲಾಡಿಸಲಿಲ್ಲ. ಆಗ ಗೊತ್ತಾಯಿತು, ಕಿವಿ ಕೇಳಲ್ಲ! ಅಲ್ಲಿಂದ ನೆಲಕ್ಕೆ ಕಾಲು ತಟ್ಟಿ ಕರೆಯುವುದು. ನೆಲ ಅದುರಿದರೆ ತಿರುಗುತ್ತಿದ್ದಳು. ಕರೆಯಲು ಬೇಕಿಲ್ಲದ ಹೆಸರು ಅಂತ 'ಅಜ್ಜಿ' ಉಳಿಯಿತು. "ನನ್ನ ವಯಸ್ಸು ಎಪ್ಪತ್ತು, ಅವಳು ಹೇಗೆ ಅಜ್ಜಿ?" ಅಂತ ಅಮ್ಮನ ತಕರಾರು ಕೊನೆಯವರೆಗೂ ಇತ್ತು.

ಮೊದಲ ದಿನಗಳಲ್ಲಿ ತಟ್ಟೆ ಇಟ್ಟರೆ ತಿನ್ನುತ್ತಿರಲಿಲ್ಲ. ಮುಂದೆ ಕೂತು ನನ್ನ ಮುಖವನ್ನೇ ನೋಡುವುದು, ಜೊಲ್ಲು ತೊಟ್ಟಿಕ್ಕುತ್ತಿದ್ದರೂ. ಒಂದು ದಿನ ಬೇಸತ್ತು, ತಿನ್ನೇ ಮಾರಾಯ್ತಿ ಅಂತ ಕೈ ಬೀಸಿದೆ. ತಕ್ಷಣ ಬಾಯಿ ಹಾಕಿದಳು. ಕೈಸನ್ನೆ ಮಾಡುವವರೆಗೆ ತಿನ್ನಬಾರದು ಅಂತ ಯಾರೋ ಕೂರಿಸಿಕೊಂಡು, ತಿಂಗಳುಗಟ್ಟಲೆ, ತಾಳ್ಮೆಯಿಂದ ಕಲಿಸಿದ್ದರು. ಅವಳನ್ನು ಬಿಟ್ಟುಹೋದವರ ಮೇಲೆ ನನಗಿದ್ದ ಸಿಟ್ಟು ಅವತ್ತು ಸ್ವಲ್ಪ ಗೊಂದಲಕ್ಕೆ ಬಿತ್ತು. ಅವರು ಸತ್ತೇ ಹೋಗಿರಬಹುದು, ಅಲ್ವಾ?

ಅಮ್ಮ ಮತ್ತು ಅವಳದು ಒಂದೇ ದಿನಚರಿ. ತಿನ್ನುವುದು, ನಾಲ್ಕು ಹೆಜ್ಜೆ ನಡೆಯುವುದು, ಮಲಗುವುದು. ಮರಿ ತಂದಿದ್ದರೆ ಇಬ್ಬರಿಗೂ, ಅಂದರೆ ಅಮ್ಮನಿಗೂ ಮರಿಗೂ, ಶಿಕ್ಷೆಯಾಗುತ್ತಿತ್ತು. ಅದಕ್ಕೇ ವಯಸ್ಸಾದವರಿರುವ ಮನೆಯವರು ಮರಿ ಬೇಕು ಅಂದಾಗ ನಾನು ಬಾಯಿ ಮುಚ್ಚಿಕೊಂಡಿರಲ್ಲ.

"ಎರಡು ವರ್ಷಕ್ಕೆ ಹೋಗಿಬಿಡುತ್ತೆ, ಯಾಕೆ ಸುಮ್ನೆ ಸಂಕಟ?" ಅಂತಲೂ ಕೇಳಿದ್ದರು. ಸರಿಯಾಗೇ ಹೇಳಿದ್ದರು. ಎರಡು ವರ್ಷ ಒಂದು ತಿಂಗಳು ಇದ್ದಳು. ಸಂಕಟವೂ ಆಯಿತು, ಈಗಲೂ ಇದೆ.

ನನಗೆ ಕೊರೆಯುವುದು ಬೇರೆ. ಕೊನೆಯ ಬೇಸಿಗೆಯಲ್ಲಿ ನೀರು ಜಾಸ್ತಿ ಕುಡಿಯುತ್ತಿದ್ದಳು, ರಾತ್ರಿಯೂ ಉಚ್ಚೆಗೆ ಎಬ್ಬಿಸುತ್ತಿದ್ದಳು. ಸೆಕೆಗೆ ಅಂದುಕೊಂಡು ಬಟ್ಟಲು ದೊಡ್ಡದು ಮಾಡಿದೆ. ರಕ್ತ ಪರೀಕ್ಷೆ ಮಾಡಿಸುವ ಹೊತ್ತಿಗೆ ಕಿಡ್ನಿ ಹಾಳಾಗಿತ್ತು. ಮೂರರಲ್ಲಿ ಎರಡು ಪಾಲು ಕೆಟ್ಟ ಮೇಲೇ ಹೊರಗೆ ಗೊತ್ತಾಗುವುದಂತೆ. ನಿಮ್ಮ ವಯಸ್ಸಾದ ನಾಯಿ ಏಕಾಏಕಿ ಜಾಸ್ತಿ ನೀರು ಕುಡಿಯುತ್ತಿದ್ದರೆ ನನ್ನ ಹಾಗೆ ಬಟ್ಟಲು ಬದಲಿಸಬೇಡಿ, ಡಾಕ್ಟರ ಹತ್ತಿರ ಹೋಗಿ.

ಅವಳ ಹಿಂಗಾಲು ಜಾರುತ್ತದೆ ಅಂತ ಹಾಸಿಗೆಯಿಂದ ಬಾಗಿಲವರೆಗೆ ಸಾಲಾಗಿ ಮ್ಯಾಟ್ ಹಾಸಿದ್ದೆವು. ಮನೆ ನೋಡಲು ವಿಚಿತ್ರವಾಗಿ ಕಾಣುತ್ತದೆ. ಹೋದ ವಾರ ಅಮ್ಮ ಎಲ್ಲವನ್ನೂ ಎತ್ತಿ ಒಗೆದು ಹಾಕಿದ್ದರು. ಸಂಜೆ ಆಫೀಸಿನಿಂದ ಬಂದು ನೋಡಿದರೆ ಒಣಗಿದ ಮ್ಯಾಟುಗಳನ್ನು ಮತ್ತೆ ಅದೇ ಸಾಲಿನಲ್ಲಿ ಹಾಸಿದ್ದಾರೆ.